ಮರಗೆಲಸ ಪ್ರಶ್ನೋತ್ತರ: ನಾಟಾ ಅಳತೆ, ವೇಸ್ಟೇಜು, ವೆಚ್ಚ

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾಡಿನವು. ಕೆಲಸ ಶುರುವಾಗುವ ಮೊದಲೇ ಮರ ಎಷ್ಟು ಬೇಕು, ಎಷ್ಟು ಹಣ ಹಿಡಿಯುತ್ತದೆ ಎಂದು ತಿಳಿಯುವುದು ಹೇಗೆ ಎಂಬುದೇ ಎಲ್ಲರ ಚಿಂತೆ. ಉತ್ತರಗಳಲ್ಲಿ ದರವನ್ನು 100, 80 ಎಂಬಂಥ ಬರೀ ಅಂಕಿಗಳಲ್ಲಿ ಹೇಳಿದ್ದೇವೆ. ನಿಮಗೆ ಹೇಳಿದ ದರವನ್ನು ಅಲ್ಲಿಟ್ಟು ಲೆಕ್ಕ ಮಾಡಿಕೊಳ್ಳಿ.

ಪ್ರಶ್ನೆ: ನಾಲ್ಕು ಬಾಗಿಲ ಚೌಕಟ್ಟುಗಳಿಗೆ ಮರ ತರಬೇಕು. ಒಂದೊಂದೂ 7 ಅಡಿ ಎತ್ತರ, ಮೂರೂವರೆ ಅಡಿ ಅಗಲ, 5×3 ಇಂಚಿನ ಮರ, ಕೆಳಗೆ ಹೊಸ್ತಿಲು ಇಲ್ಲ. ನಾನು ಲೆಕ್ಕ ಹಾಕಿದರೆ 7.3 ಘನ ಅಡಿ ಬರುತ್ತದೆ. ಬಡಗಿಯವರು ಒಂಬತ್ತೂವರೆ ತರಬೇಕು ಅನ್ನುತ್ತಾರೆ. ಎರಡು ಘನ ಅಡಿಗೂ ಮೀರಿದ ಈ ವ್ಯತ್ಯಾಸ ಎಲ್ಲಿಂದ ಬಂತು?

ನಿಮ್ಮ ಗುಣಾಕಾರದಲ್ಲಿ ತಪ್ಪಿಲ್ಲ. ದಪ್ಪ ಮತ್ತು ಅಗಲವನ್ನು ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ, ಅಂದರೆ ಸಿಎಫ್‌ಟಿ ಸಿಗುತ್ತದೆ. ಎರಡು ಕಂಬ 14 ಅಡಿ, ಮೇಲಿನ ಅಡ್ಡಮರ ಮೂರೂವರೆ, ಒಟ್ಟು ಹದಿನೇಳೂವರೆ ಅಡಿ. ಇದನ್ನು 5×3ರಿಂದ ಗುಣಿಸಿ 144ರಿಂದ ಭಾಗಿಸಿದರೆ 1.82. ನಾಲ್ಕು ಚೌಕಟ್ಟಿಗೆ 7.29.

ಆದರೆ ಇದು ಗೋಡೆಗೆ ನಿಂತ ಮೇಲೆ ಕಾಣುವ ಮರದ ಅಳತೆ. ಕೊಳ್ಳಬೇಕಾದ ಮರ ಬೇರೆ. ನಾಲ್ಕೂ ಮೈಗೆ ಹತ್ತರಿ ಹೊಡೆದ ಮೇಲೆ, ಅಂದರೆ ಹೆರೆದು ನಯ ಮಾಡಿದ ಮೇಲೆ, 5×3 ಉಳಿಯಬೇಕಾದರೆ ಕೊಯ್ದ ಮರ ಕನಿಷ್ಠ ಐದೂಕಾಲು × ಮೂರೂಕಾಲು ಇರಬೇಕು. ಒಂದೊಂದು ಮೈಯಲ್ಲಿ ಒಂದು ಇಂಚಿನ ಎಂಟನೇ ಒಂದು ಭಾಗ ಹೊಟ್ಟಾಗಿ ಹೋಗುತ್ತದೆ. ಹೊಸ್ತಿಲಿಲ್ಲದ ಚೌಕಟ್ಟಿನ ಕಂಬ ನೆಲದ ಮಟ್ಟದಿಂದ ಎರಡು ಇಂಚು ಕೆಳಗೆ ಇಳಿಯುತ್ತದೆ, ತುದಿ ಸಮಮಾಡಲು ಇನ್ನಷ್ಟು ಬೇಕು. ಹಾಗಾಗಿ ಕಂಬಕ್ಕೆ ಏಳೂವರೆ ಅಡಿ ಹಿಡಿಯಿರಿ. ಅಡ್ಡಮರ ಎರಡೂ ಕಡೆ ಮೂರು ಮೂರು ಇಂಚು ಗೋಡೆಯೊಳಗೆ ಚಾಚುವುದರಿಂದ ಅದು 4 ಅಡಿ. ಈಗ ಒಟ್ಟು ಉದ್ದ 19 ಅಡಿ. 5.25 × 3.25 × 19 ÷ 144 ಮಾಡಿದರೆ ಒಂದು ಚೌಕಟ್ಟಿಗೆ 2.25, ನಾಲ್ಕಕ್ಕೆ 9. ಬಿರುಕು, ಗಂಟು ಬಂದ ತುದಿಗಳಿಗೆಂದು ಶೇಕಡ 5 ಸೇರಿಸಿದರೆ 9.45. ಬಡಗಿಯವರು ಹೇಳಿದ ಲೆಕ್ಕ ಪ್ರಾಮಾಣಿಕವಾದದ್ದೇ.

ಅವರೊಂದಿಗೆ ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಮಾತು ಒಂದಿದೆ. 5×3 ಎಂಬುದು ಕೊಯ್ದ ಅಳತೆಯೋ, ಹತ್ತರಿ ಹೊಡೆದ ಮೇಲಿನ ಅಳತೆಯೋ? ಕೊಯ್ದ ಅಳತೆ ಅಂದರೆ ನಿಮ್ಮ ಚೌಕಟ್ಟು ಕೊನೆಗೆ 4¾×2¾ ಆಗುತ್ತದೆ, ಮರ ಎಂಟು ಘನ ಅಡಿಯೊಳಗೇ ಮುಗಿಯುತ್ತದೆ. ಎರಡೂ ಸರಿಯೇ. ಒಬ್ಬರು ಒಂದನ್ನು ಹೇಳಿ ಇನ್ನೊಬ್ಬರು ಇನ್ನೊಂದನ್ನು ಕೇಳಿಸಿಕೊಂಡಾಗ ಜಗಳ ಹುಟ್ಟುತ್ತದೆ. ಆರ್ಡರ್ ಚೀಟಿಯಲ್ಲಿ ಅಳತೆಯ ಪಕ್ಕದಲ್ಲೇ ‘ಕೊಯ್ದದ್ದು’ ಅಥವಾ ‘ನಯ ಮಾಡಿದ್ದು’ ಎಂದು ಬರೆಸಿ.

ಬಿಲ್ಲಿನಲ್ಲಿ ಇನ್ನೊಂದನ್ನು ನೋಡಿ. 5¼×3¼ ಮರವನ್ನು ‘ಅರ್ಧ ಇಂಚಿಗೆ ಸರಿಮಾಡಿ’ 5½×3½ ಎಂದು ಬರೆದರೆ ಅಷ್ಟಕ್ಕೇ ಶೇಕಡ 13ರಷ್ಟು ಏರುತ್ತದೆ. ಅಳತೆಯಲ್ಲಿ ಕಾಲು ಇಂಚು ಸಣ್ಣದಾಗಿ ಕಂಡರೂ ಅದು ಎರಡು ಕಡೆಯಿಂದ ಗುಣಿಸಿಕೊಂಡು ಬರುತ್ತದೆ. ಪ್ರತಿ ತುಂಡಿನ ನಿಜವಾದ ಅಳತೆ ಬರೆದು, ಎಲ್ಲ ಕೂಡಿದ ಮೇಲೆ ಕೊನೆಯ ಮೊತ್ತವನ್ನು ಮಾತ್ರ ಸರಿಮಾಡುವುದು ನ್ಯಾಯ.

ಪ್ರಶ್ನೆ: ದಿಮ್ಮಿಯನ್ನೇ ಕೊಂಡು ಕೊಯ್ಸಿದರೆ ಅಗ್ಗ ಎನ್ನುತ್ತಾರೆ. 10 ಅಡಿ ಉದ್ದ, 48 ಇಂಚು ಸುತ್ತಳತೆಯ ದಿಮ್ಮಿಗೆ 10 ಘನ ಅಡಿ ಲೆಕ್ಕ ಹಾಕಿದ್ದಾರೆ. ಶಾಲೆಯಲ್ಲಿ ಕಲಿತ ಸೂತ್ರದಂತೆ 12.7 ಬರುತ್ತದೆ. ಮಾರುವವರು ನನಗೆ ಲಾಭ ಮಾಡಿಕೊಡುತ್ತಿದ್ದಾರೆಯೇ?

ಹಾಗೇನಿಲ್ಲ. ದುಂಡು ಮರವನ್ನು ಅಳೆಯುವ ಹಳೆಯ ಪದ್ಧತಿ ಇದು. ಸುತ್ತಳತೆಯ ಕಾಲು ಭಾಗ ತೆಗೆದುಕೊಂಡು ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. 48ರ ಕಾಲು 12. 12×12×10÷144 ಅಂದರೆ 10. ಇಂಗ್ಲೆಂಡಿನ ಎಡ್ವರ್ಡ್ ಹಾಪಸ್ ಎಂಬ ಅಳತೆಗಾರ 1736ರಲ್ಲಿ ಇದರ ಕೋಷ್ಟಕಗಳನ್ನು ಅಚ್ಚು ಹಾಕಿಸಿದ್ದರಿಂದ ಈ ಘನ ಅಡಿಗೆ ಹಾಪಸ್ ಅಡಿ ಎಂಬ ಹೆಸರೂ ಇದೆ. ನಿಜವಾದ ಗಾತ್ರದ ಶೇಕಡ 78.5ರಷ್ಟನ್ನು ಮಾತ್ರ ಇದು ಲೆಕ್ಕಕ್ಕೆ ತರುತ್ತದೆ. ಬಿಟ್ಟ ಭಾಗವನ್ನು ಚೌಕ ಮಾಡುವಾಗ ಹೋಗುವ ಪಕ್ಕೆಗಳಿಗೆಂದು ತಿಳಿಯುವುದು ವಾಡಿಕೆ. ಮಾರುವವರಿಗೆ ಇದು ಗೊತ್ತಿದ್ದೇ ದರ ಹೇಳಿರುತ್ತಾರೆ.

ನಿಮಗೆ ಬೇಕಾದ ಅಂಕಿ ಬೇರೆ: ಈ ದಿಮ್ಮಿಯಿಂದ ಕೆಲಸಕ್ಕೆ ಬರುವ ಹಲಗೆ ಎಷ್ಟು ಇಳಿಯುತ್ತದೆ? ಸಾಧಾರಣ ನೇರವಾದ ದಿಮ್ಮಿಯಲ್ಲಿ ನಿಜ ಗಾತ್ರದ ಶೇಕಡ 50ರಿಂದ 60 ಸಿಗುತ್ತದೆ. ಉಳಿದದ್ದು ಪಕ್ಕೆ, ಗರಗಸದ ಹೊಟ್ಟು, ತುದಿ. ಶೇಕಡ 55 ಹಿಡಿದರೆ 12.7ರಲ್ಲಿ 7 ಘನ ಅಡಿ. 10ಕ್ಕೆ ಹಣ ಕೊಟ್ಟು 7 ಪಡೆದಿರಿ. ದಿಮ್ಮಿಯ ದರ 100 ಆದರೆ ಹಲಗೆಯ ದರ 143. ಅದಕ್ಕೆ ಸಾಗಣೆ ಮತ್ತು ಕೊಯ್ಲಿನ ಕೂಲಿ ಸೇರಿಸಿ. ಆಮೇಲೆ ಕೊಯ್ದು ಒಣಗಿಸಿದ ಹಲಗೆಯ ಅಂಗಡಿ ದರದ ಪಕ್ಕದಲ್ಲಿಟ್ಟು ನೋಡಿ. ಹಸಿ ದಿಮ್ಮಿಯ ಹಲಗೆ ಒಣಗಲು ಹಿಡಿಯುವ ಕಾಲವನ್ನೂ ಅದರ ಬೆಲೆಯಲ್ಲೇ ಎಣಿಸಬೇಕು.

ಈಗ ಟೇಪು ಹಿಡಿಯುವ ವಿಚಾರ. ನಷ್ಟ ಆಗುವುದು ಹೆಚ್ಚಾಗಿ ಇಲ್ಲಿಯೇ. ತೊಗಟೆಯ ಮೇಲೆ ಸುತ್ತಳತೆ 48 ಬಂತು ಅನ್ನಿ. ತೊಗಟೆ ಬರೀ ಅರ್ಧ ಇಂಚು ದಪ್ಪ ಇದ್ದರೆ ಅಡ್ಡಳತೆಯಲ್ಲಿ ಒಂದು ಇಂಚು ಕಡಿಮೆಯಾಯಿತು, ಅಂದರೆ ಸುತ್ತಳತೆಯಲ್ಲಿ ಮೂರು ಇಂಚಿಗೂ ಮಿಕ್ಕಿ. ಒಳಗಿನ ಮರದ ಸುತ್ತಳತೆ 44.9. ಅದೇ ಲೆಕ್ಕ ಮತ್ತೆ ಹಾಕಿದರೆ 10 ಘನ ಅಡಿ ಇದ್ದದ್ದು 8.7 ಆಗುತ್ತದೆ. ಎಂಟರಲ್ಲಿ ಒಂದು ಪಾಲು ಹಣ ತೊಗಟೆಗೆ ಹೋಯಿತು. ಅಳೆಯುವ ಜಾಗದಲ್ಲಿ ಕೈಯಗಲದ ಪಟ್ಟಿಯಷ್ಟು ತೊಗಟೆ ಸುಲಿಸಿ ಟೇಪು ಹಾಕಿಸಿ. ಹಾಗೆ ಮಾಡಲು ಬಿಡದಿದ್ದರೆ ತೊಗಟೆಗೆ ಕಡಿತ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಟೇಪು ಉದ್ದದ ನಡುಮಧ್ಯದಲ್ಲಿ, ಮರಕ್ಕೆ ನೇರ ಅಡ್ಡವಾಗಿ ಸುತ್ತಬೇಕು. ಓರೆಯಾಗಿ ಸುತ್ತಿದರೆ ಅಳತೆ ಹೆಚ್ಚೇ ಬರುತ್ತದೆ, ಕಡಿಮೆ ಎಂದೂ ಬರುವುದಿಲ್ಲ. ಸರಿಯಾಗಿ ನಡುವಿನಲ್ಲಿ ಗಂಟು ಉಬ್ಬಿದ್ದರೆ ಅದರ ಆಚೀಚೆ ಸಮದೂರದಲ್ಲಿ ಎರಡು ಅಳತೆ ತೆಗೆದು ಸರಾಸರಿ ಹಿಡಿಯಿರಿ. ಬುಡದ ಸುತ್ತಳತೆ ಒಂದನ್ನೇ ತೆಗೆದುಕೊಳ್ಳಲು ಒಪ್ಪಬೇಡಿ.

ಎರಡೂ ತುದಿ ನೋಡದೆ ಮಾತು ಮುಗಿಸಬೇಡಿ. ನಡುವೆ ಟೊಳ್ಳು, ಸುಳಿಯಿಂದ ನಕ್ಷತ್ರದಂತೆ ಹೊರಟ ಬಿರುಕು, ಬೆಳವಣಿಗೆಯ ಉಂಗುರದ ಗುಂಟ ಬಿಟ್ಟುಕೊಂಡ ಸೀಳು, ಇವು ಒಂದು ತುದಿಯಲ್ಲಿ ಕಂಡರೆ ಒಳಗೆ ಬಹುದೂರ ಹೋಗಿರುವ ಸಂಭವವಿದೆ. ಚೇಗು, ಅಂದರೆ ಒಳಗಿನ ಗಟ್ಟಿ ಮರ ಎಷ್ಟು, ಹೊರಗಿನ ಬಿಳಿ ಮರ ಎಷ್ಟು ಎಂಬುದೂ ಅಲ್ಲೇ ಕಾಣುತ್ತದೆ. ಬಿಳಿ ಮರ ಹುಳಕ್ಕೆ ಬೇಗ ತುತ್ತಾಗುವುದರಿಂದ ಚೌಕಟ್ಟಿಗೆ ಅದನ್ನು ಲೆಕ್ಕಕ್ಕೇ ಹಿಡಿಯಬಾರದು.

ಪ್ರಶ್ನೆ: ಅಮೆರಿಕದ ಒಂದು ಪ್ಲಾನ್ ನೋಡಿ ವರ್ಕ್‌ಬೆಂಚ್ ಮಾಡುತ್ತಿದ್ದೇನೆ. ಅದರಲ್ಲಿ ‘ಬೋರ್ಡ್ ಫುಟ್’, ‘ಟೂ ಬೈ ಫೋರ್’ ಎಂದೆಲ್ಲ ಇದೆ. ಇದನ್ನು ನಮ್ಮ ಲೆಕ್ಕಕ್ಕೆ ತರುವುದು ಹೇಗೆ?

ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪದ ಹಲಗೆ ಒಂದು ಬೋರ್ಡ್ ಫುಟ್. ಹನ್ನೆರಡು ಸೇರಿದರೆ ಒಂದು ಘನ ಅಡಿ. ಘನ ಮೀಟರ್ ಬೇಕಿದ್ದರೆ, ಒಂದು ಘನ ಮೀಟರ್ ಅಂದರೆ 35.3 ಘನ ಅಡಿ, ಸುಮಾರು 424 ಬೋರ್ಡ್ ಫುಟ್.

ಎಡವುವುದು ಎರಡನೆಯದರಲ್ಲಿ. ಅಲ್ಲಿ ಟೂ ಬೈ ಫೋರ್ ಎಂಬುದು ಹೆಸರು ಮಾತ್ರ. ನಯ ಮಾಡಿ ಮಾರಾಟಕ್ಕೆ ಬಂದಾಗ ಅದು ಒಂದೂವರೆ × ಮೂರೂವರೆ ಇಂಚು ಇರುತ್ತದೆ. 8 ಅಡಿ ಉದ್ದದ ತುಂಡಿಗೆ ಹೆಸರಿನ ಲೆಕ್ಕ 5.33 ಬೋರ್ಡ್ ಫುಟ್, ಕೈಗೆ ಬರುವ ಮರ 3.5 ಮಾತ್ರ. ಪ್ಲಾನಿನಲ್ಲಿ 2×4 ಇದೆಯೆಂದು ನೀವು ನಿಜವಾದ 2×4 ಇಂಚಿನ ಮರ ಕೊಯ್ಸಿದರೆ ಅರ್ಧದಷ್ಟು ಹೆಚ್ಚು ಮರ ಕೊಂಡಂತಾಗುತ್ತದೆ, ಮೇಲಾಗಿ ಪ್ಲಾನಿನ ಯಾವ ಕಚ್ಚೂ ಒಂದಕ್ಕೊಂದು ಕೂಡುವುದಿಲ್ಲ. ಎಲ್ಲ ಅಳತೆಗಳನ್ನೂ ಮಿಲಿಮೀಟರಿಗೆ ಇಳಿಸಿ, 38×89 ಎಂದು ಬರೆದುಕೊಂಡು ಶುರುಮಾಡಿ.

ಪ್ರಶ್ನೆ: 5 ಅಡಿ × ಎರಡೂವರೆ ಅಡಿಯ ಊಟದ ಮೇಜು ಗಟ್ಟಿ ಮರದಲ್ಲಿ ಮಾಡಬೇಕು. ವೇಸ್ಟೇಜ್ ಎಂದು ಶೇಕಡ 10 ಸೇರಿಸಿದರೆ ಸಾಕೇ?

ಸಾಲದು. ಶೇಕಡ 10 ಎಂಬುದು ಉದ್ದಕ್ಕೆ ಕೊಯ್ದು ಹಾಗೇ ಬಳಸುವ ಮಾಡಿನ ಮರಕ್ಕೆ, ಕಟ್ಟಡದ ಕೆಲಸಕ್ಕೆ ಒಪ್ಪುವ ಮಾತು. ಪೀಠೋಪಕರಣಕ್ಕೆ ಶೇಕಡವಾರು ಹಿಡಿಯುವ ಮೊದಲು ತುಂಡು ತುಂಡಾಗಿ ಕಟಿಂಗ್ ಲಿಸ್ಟ್ ಬರೆಯಬೇಕು. ನಿಮ್ಮ ಮೇಜನ್ನೇ ತೆಗೆದುಕೊಳ್ಳೋಣ.

ಮೇಲ್ಹಲಗೆ ಕೊನೆಗೆ ಒಂದು ಇಂಚು ದಪ್ಪ ಇರಬೇಕು. ಕೊಯ್ದ ಹಲಗೆ ಸಾಮಾನ್ಯವಾಗಿ ಸ್ವಲ್ಪ ಬಾಗಿರುತ್ತದೆ, ತಿರುಚಿರುತ್ತದೆ, ಅದನ್ನು ಸಮ ಮಾಡಿ ಒಂದು ಇಂಚು ಉಳಿಸಬೇಕಾದರೆ ಒಂದೂಕಾಲು ಇಂಚಿನ ಹಲಗೆ ಬೇಕು. ಅಗಲ 30 ಇಂಚು. 6 ಇಂಚಿನ ಹಲಗೆಯ ಎರಡೂ ಅಂಚು ನೇರ ಮಾಡಿ ಅಂಟಿಸುವಷ್ಟರಲ್ಲಿ ಐದೂವರೆ ಉಳಿಯುತ್ತದೆ. ಐದು ಹಲಗೆ ಇಪ್ಪತ್ತೇಳೂವರೆಗೆ ನಿಲ್ಲುತ್ತದೆ, ಆರನೆಯದು ಬೇಕೇ ಬೇಕು. ಉದ್ದಕ್ಕೆ ಮೂರು ಇಂಚು ಹೆಚ್ಚು ಹಿಡಿದು ಐದೂಕಾಲು ಅಡಿ. 1.25 × 6 × 5.25 × 6 ÷ 144 ಅಂದರೆ 1.64 ಘನ ಅಡಿ. ಮುಗಿದ ಮೇಲ್ಹಲಗೆಯ ಗಾತ್ರ 1.04 ಮಾತ್ರ. ಗಂಟು, ಬಿರುಕಿನ ಮಾತೇ ಇನ್ನೂ ಬಂದಿಲ್ಲ, ಆಗಲೇ ಶೇಕಡ 57 ಹೆಚ್ಚಾಯಿತು.

ನಾಲ್ಕು ಕಾಲಿಗೆ 3×3 ಇಂಚಿನ, ಎರಡೂವರೆ ಅಡಿಯ ತುಂಡುಗಳು: 0.63. ಮೇಲ್ಹಲಗೆಯ ಕೆಳಗೆ ಸುತ್ತ ಬರುವ ಪಟ್ಟಿಗಳಿಗೆ, ಕಾಲಿನೊಳಗೆ ಹೋಗುವ ಕಚ್ಚೂ ಸೇರಿ, ನಾಲ್ಕೂವರೆ ಅಡಿಯ ಎರಡು ಮತ್ತು ಎರಡು ಅಡಿಯ ಎರಡು. ಅಗಲ ನಾಲ್ಕೂವರೆ, ದಪ್ಪ ಒಂದೂಕಾಲು. ಅದು 0.51. ಎಲ್ಲ ಕೂಡಿದರೆ 2.78. ಇದರ ಮೇಲೆ ಗಂಟು, ಬಣ್ಣದ ವ್ಯತ್ಯಾಸ, ತುದಿಯ ಸೀಳುಗಳಿಗೆಂದು ಶೇಕಡ 15 ಹಾಕಿ. 3.2 ಘನ ಅಡಿ ಆರ್ಡರ್ ಮಾಡಬಹುದು. ಮುಗಿದ ಮೇಜಿನಲ್ಲಿ ಉಳಿಯುವ ಮರ ಸುಮಾರು 1.84. ಅಂದರೆ ಮೇಜಿನ ಗಾತ್ರವನ್ನು ಮಾತ್ರ ಲೆಕ್ಕ ಹಾಕಿ ಶೇಕಡ 10 ಸೇರಿಸಿದವರು ಎರಡು ಘನ ಅಡಿ ತಂದು, ಮೇಲ್ಹಲಗೆ ಅಂಟಿಸಿದ ಮೇಲೆ ಕಾಲುಗಳಿಗೆ ಮರವಿಲ್ಲದೆ ನಿಲ್ಲುತ್ತಾರೆ. ಆಮೇಲೆ ತಂದ ಮರದ ಬಣ್ಣ, ಎಳೆ ಮೊದಲಿನದಕ್ಕೆ ಹೊಂದುವುದು ಅಪರೂಪ. ಕಡಿಮೆ ತಂದದ್ದರ ನಷ್ಟ ಹೆಚ್ಚು ತಂದದ್ದಕ್ಕಿಂತ ದೊಡ್ಡದು ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಘನ ಅಡಿ ಸರಿಹೋದ ಮಾತ್ರಕ್ಕೆ ಮರ ಸಾಕಾಗುತ್ತದೆ ಎಂದಲ್ಲ. ಮೇಲ್ಹಲಗೆಗೆ 10 ಅಡಿಯ ಹಲಗೆ ತಂದರೆ ಒಂದರಲ್ಲಿ ಐದೂಕಾಲಿನ ಒಂದೇ ತುಂಡು ಸಿಗುತ್ತದೆ. ಉಳಿದ ನಾಲ್ಕು ಮುಕ್ಕಾಲು ಅಡಿಯ ತುಂಡುಗಳಲ್ಲಿ ಎರಡು ಉದ್ದನೆಯ ಪಟ್ಟಿಗಾದವು, ಒಂದು ಗಿಡ್ಡ ಪಟ್ಟಿಗಳಿಗಾಯಿತು, ಮಿಕ್ಕ ಮೂರು ಮೂಲೆ ಸೇರುತ್ತವೆ. 11 ಅಡಿಯ ಹಲಗೆ ತಂದರೆ ಒಂದೊಂದರಲ್ಲಿ ಎರಡು, ಮೂರು ಹಲಗೆಗೆ ಮೇಲ್ಭಾಗ ಮುಗಿಯಿತು. ಆದ್ದರಿಂದ ಕಟಿಂಗ್ ಲಿಸ್ಟ್ ಕೈಯಲ್ಲಿ ಹಿಡಿದೇ ಹಲಗೆ ಆರಿಸಿ. ಸೀಮೆಸುಣ್ಣದಲ್ಲಿ ಹಲಗೆಯ ಮೇಲೆಯೇ ತುಂಡುಗಳನ್ನು ಗುರುತಿಸಿ ನೋಡಿದರೆ ಗಂಟು ಎಲ್ಲಿ ಬೀಳುತ್ತದೆ ಎಂಬುದೂ ತಿಳಿಯುತ್ತದೆ. ಗಂಟಿನ ಆಚೀಚೆ ಉದ್ದ ತುಂಡುಗಳನ್ನು ಮೊದಲು ಹೊಂದಿಸಿ, ಚಿಕ್ಕವು ಆಮೇಲೆ ಹೇಗಾದರೂ ಸಿಗುತ್ತವೆ.

ಪ್ರಶ್ನೆ: ಪ್ಲೈವುಡ್‌ಗೂ ಇಷ್ಟೇ ಲೆಕ್ಕವೇ?

ಅಲ್ಲ, ಅಲ್ಲಿ ದಪ್ಪ ನಿಗದಿಯಾಗಿರುವುದರಿಂದ ಚದರ ಅಡಿ ಸಾಕು. 8×4 ಶೀಟು 32 ಚದರ ಅಡಿ. ಆದರೆ ಒಟ್ಟು ಚದರ ಅಡಿಯನ್ನು 32ರಿಂದ ಭಾಗಿಸಿ ಶೀಟು ಎಣಿಸಬೇಡಿ. 4 ಅಡಿ ಅಗಲದಲ್ಲಿ ಒಂದು ಅಡಿಯ ನಾಲ್ಕು ಪಟ್ಟಿ ಬರುವುದಿಲ್ಲ, ಪ್ರತಿ ಕೊಯ್ತಕ್ಕೂ ಗರಗಸ ಸುಮಾರು 3 ಮಿಲಿಮೀಟರ್ ತಿನ್ನುತ್ತದೆ, ನಾಲ್ಕನೆಯ ಪಟ್ಟಿ ಗಿಡ್ಡವಾಗುತ್ತದೆ. ಶೀಟು 1220 ಮಿಲಿಮೀಟರ್ ಇದ್ದರೆ ಮೂರು ಕೊಯ್ತ ಕಳೆದು ಪಟ್ಟಿಗೆ 302 ಸಿಗುತ್ತದೆ. ಕಪಾಟಿನ ಆಳವನ್ನು 300ಕ್ಕೆ ಇಟ್ಟುಕೊಂಡರೆ ಒಂದು ಶೀಟಿನಲ್ಲಿ ನಾಲ್ಕು ಸಲೀಸಾಗಿ ಬರುತ್ತವೆ. 310 ಬೇಕೆಂದು ಹಟ ಹಿಡಿದರೆ ಮೂರೇ ಬರುತ್ತವೆ, ಶೀಟಿನ ಕಾಲು ಭಾಗ ಕೈಬಿಟ್ಟಿತು. ಗ್ರಾಫ್ ಕಾಗದದ ಮೇಲೆ ಶೀಟು ಬರೆದು ತುಂಡುಗಳನ್ನು ಹೊಂದಿಸಿ, ಮೇಲ್ಪದರದ ಎಳೆ ಬಾಗಿಲುಗಳಲ್ಲಿ ಯಾವ ದಿಕ್ಕಿಗೆ ಕಾಣಬೇಕು ಎಂದು ಬಾಣ ಹಾಕಿಕೊಳ್ಳಿ.

ಪ್ರಶ್ನೆ: ಹಸಿ ಮರ ಅಗ್ಗಕ್ಕೆ ಸಿಗುತ್ತದೆ. ತಂದು ನಾವೇ ಒಣಗಿಸಿದರೆ ಎಷ್ಟು ಕಡಿಮೆಯಾಗುತ್ತದೆ ಎಂದು ಅಂದಾಜು ಮಾಡಬಹುದೇ?

ಮಾಡಬಹುದು. ಮರದ ತೇವ ಸುಮಾರು ಶೇಕಡ 30ಕ್ಕೆ ಇಳಿಯುವವರೆಗೆ ತೂಕ ಮಾತ್ರ ಕಡಿಮೆಯಾಗುತ್ತದೆ, ಅಳತೆ ಬದಲಾಗುವುದಿಲ್ಲ. ಕುಗ್ಗುವುದು ಅದರ ಕೆಳಗೆ ಇಳಿದಾಗ. ಕುಗ್ಗುವಿಕೆ ಎಲ್ಲ ಕಡೆ ಒಂದೇ ಅಲ್ಲ: ಬೆಳವಣಿಗೆಯ ಉಂಗುರದ ಗುಂಟ ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಅದರ ಅರ್ಧದಷ್ಟು, ಉದ್ದಕ್ಕೆ ನಗಣ್ಯ.

ಪೂರ್ತಿ ಒಣಗಿದಾಗ ಉಂಗುರದ ಗುಂಟ ಶೇಕಡ 8, ಅಡ್ಡಕ್ಕೆ 4 ಕುಗ್ಗುವ ಜಾತಿಯ ಮರ ಅನ್ನಿ. ನೀವು ಅದನ್ನು ಶೇಕಡ 12ರ ತೇವಕ್ಕೆ ತರುತ್ತೀರಿ, ಅಂದರೆ ಮೂವತ್ತರಲ್ಲಿ ಹದಿನೆಂಟು ಪಾಲು ಪಯಣ. ಅಗಲದಲ್ಲಿ ಶೇಕಡ 4.8, ದಪ್ಪದಲ್ಲಿ 2.4 ಹೋಗುತ್ತದೆ. 6 ಇಂಚಿನ ಹಲಗೆ 5.7ಕ್ಕೆ ಬಂತು, ಗಾತ್ರದಲ್ಲಿ ಶೇಕಡ 7 ಮಾಯ. ಹಿಂದಿನ ಮೇಜಿನ ಲೆಕ್ಕ ನೆನಪಿಸಿಕೊಳ್ಳಿ, 5.7ರ ಹಲಗೆಯಿಂದ ಅಂಚು ತೆಗೆದರೆ 5.2 ಉಳಿಯುತ್ತದೆ. ಆರು ಹಲಗೆ ಸೇರಿ 31 ಇಂಚು, ಹೇಗೋ ದಾಟಿತು. ಐದೂವರೆ ಇಂಚಿನ ಹಸಿ ಹಲಗೆ ತಂದಿದ್ದರೆ ಏಳನೆಯದು ಬೇಕಾಗುತ್ತಿತ್ತು. ಕುಗ್ಗುವ ಪ್ರಮಾಣ ಜಾತಿಯಿಂದ ಜಾತಿಗೆ ಬೇರೆ. ತೇಗ ಕಡಿಮೆ ಕುಗ್ಗುವ ಮರ, ಅದಕ್ಕೆ ಅಷ್ಟು ಬೆಲೆ ಬರಲು ಇದೂ ಒಂದು ಕಾರಣ.

ಆದರೂ ದೊಡ್ಡ ನಷ್ಟ ಕುಗ್ಗುವುದರಲ್ಲಿಲ್ಲ, ಒಡೆಯುವುದರಲ್ಲಿ ಮತ್ತು ತಿರುಚುವುದರಲ್ಲಿದೆ. ಬಿಸಿಲಿಗೆ ಬಿದ್ದ ಹಲಗೆಯ ಮೈ ಬೇಗ ಒಣಗಿ ಒಳಗು ಹಸಿಯಾಗಿಯೇ ಉಳಿದರೆ ಮೈ ಸೀಳುತ್ತದೆ. ತುದಿಗಳಿಂದ ನೀರು ಬಹುಬೇಗ ಆರುತ್ತದೆ, ಅದಕ್ಕೆ ತಂದ ದಿನವೇ ತುದಿಗಳಿಗೆ ಮೇಣ ಅಥವಾ ದಪ್ಪನೆಯ ಬಣ್ಣ ಬಳಿಯಬೇಕು. ನೆರಳಲ್ಲಿ, ಗಾಳಿಯಾಡುವಲ್ಲಿ, ನೆಲದಿಂದ ಒಂದು ಅಡಿ ಮೇಲೆ ಪೇರಿಸಿ. ಪ್ರತಿ ಪದರದ ನಡುವೆ ಮುಕ್ಕಾಲು ಇಂಚಿನ ಒಣ ಪಟ್ಟಿಗಳನ್ನು ಒಂದೂವರೆ ಅಡಿಗೊಂದರಂತೆ, ಮೇಲಿಂದ ಕೆಳಗೆ ಒಂದೇ ಗೆರೆಯಲ್ಲಿ ಇಡಿ. ಗೆರೆ ತಪ್ಪಿದರೆ ಹಲಗೆ ಆ ಜಾಗದಲ್ಲೇ ಬಾಗುತ್ತದೆ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ರೂಢಿಯ ಲೆಕ್ಕ ಒಂದು ಅಂದಾಜಷ್ಟೇ, ಹವೆ ಮತ್ತು ಜಾತಿಯ ಮೇಲೆ ಬಹಳ ಏರುಪೇರಾಗುತ್ತದೆ. ಇಷ್ಟು ಮಾಡಿದರೂ ಹಸಿ ಹಲಗೆಗೆ ಶೇಕಡ 15ರಿಂದ 20 ಹೆಚ್ಚಿಗೆ ಹಿಡಿಯುವುದು ಜಾಣತನ.

ಒಣಗಿದ್ದು ಖಾತ್ರಿಯಾಗಬೇಕೇ? ಹಲಗೆಯ ತುದಿಯಿಂದ ಒಂದೂವರೆ ಅಡಿ ಒಳಗೆ ಚಿಕ್ಕ ತುಂಡು ಕತ್ತರಿಸಿ ತೂಗಿ. 103 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿಟ್ಟು ತೂಕ ಇಳಿಯುವುದು ನಿಂತ ಮೇಲೆ ಮತ್ತೆ ತೂಗಿ. ಎರಡರ ವ್ಯತ್ಯಾಸವನ್ನು ಒಣ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ತೇವದ ಶೇಕಡ. 112 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ಶೇಕಡ 12. ತೂಕದ ಲೆಕ್ಕದಲ್ಲಿ ಮರ ಕೊಳ್ಳುವವರಿಗೂ ಇದು ಬೇಕು. ಶೇಕಡ 60 ತೇವದ ಮರ ಶೇಕಡ 12ರ ಮರಕ್ಕಿಂತ ನೂರಕ್ಕೆ 43 ಹೆಚ್ಚು ತೂಗುತ್ತದೆ, ಆ ಹೆಚ್ಚಳ ಪೂರ್ತಿ ನೀರು.

ಪ್ರಶ್ನೆ: ಇಳಿಜಾರು ಮಾಡಿಗೆ ಪಕಾಸಿ, ಅಂದರೆ ನೆತ್ತಿಯಿಂದ ಸೂರಿನವರೆಗೆ ಇಳಿಯುವ ಮರ, ಎಣಿಸುವುದು ಹೇಗೆ? ಗೋಡೆಯಿಂದ ನೆತ್ತಿಗೆ ಅಡ್ಡಳತೆ 10 ಅಡಿ, ಎತ್ತರ 4 ಅಡಿ, ಸೂರು 2 ಅಡಿ ಹೊರಗೆ ಚಾಚಬೇಕು. ಕಟ್ಟಡದ ಉದ್ದ 30 ಅಡಿ.

ಸೂರೂ ಸೇರಿ ಅಡ್ಡಳತೆ 12 ಅಡಿ, ಅದೇ ಇಳಿಜಾರಿನಲ್ಲಿ ಎತ್ತರ 4.8. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 12.92 ಅಡಿ. ತುದಿಯ ಓರೆ ಕೊಯ್ತಕ್ಕೆ ಇನ್ನೂ ಸ್ವಲ್ಪ ಬೇಕು, ಅಲ್ಲಿಗೆ 13ರ ಮರವೂ ಇಕ್ಕಟ್ಟಾಯಿತು. ಎರಡೆರಡು ಅಡಿಯ ಏರಿಕೆಯಲ್ಲಿ ಮರ ಸಿಗುವ ಕಡೆ 14 ಅಡಿಯದನ್ನೇ ಕೊಳ್ಳಬೇಕು. 2 ಅಡಿಗೊಂದರಂತೆ 30 ಅಡಿಗೆ 15 ಅಲ್ಲ, 16 ಪಕಾಸಿ. ಆರಂಭದ ಒಂದನ್ನು ಮರೆಯುವವರು ಬಹಳ. 5×2½ ಇಂಚಿನದಾದರೆ ಒಂದಕ್ಕೆ 1.22 ಘನ ಅಡಿ, ಒಂದು ಕಡೆಯ ಮಾಡಿಗೆ ಹತ್ತೊಂಬತ್ತೂವರೆ. ಎರಡು ಕಡೆ ಇದ್ದರೆ ಅದರ ಎರಡರಷ್ಟು.

ಸೂರನ್ನು ಒಂದು ಅಡಿಗೆ ಇಳಿಸಲು ಒಪ್ಪುವುದಾದರೆ ಪಕಾಸಿ 11.85 ಅಡಿ ಆಗುತ್ತದೆ, 12 ಅಡಿಯ ಮರ ಸಾಕು. 16 ಪಕಾಸಿಗೆ 2.8 ಘನ ಅಡಿ ಉಳಿಯಿತು. ಆದರೆ ಮಳೆ ಹೊಡೆತ ಇರುವ ಕಡೆ ಗೋಡೆ ನೆನೆಸಿ ಮರ ಉಳಿಸುವುದು ಉಳಿತಾಯವಲ್ಲ, ಆಗ 14ನ್ನೇ ತಂದು ಸೂರನ್ನು ಇನ್ನಷ್ಟು ಚಾಚಿ. ಪಕಾಸಿಯ ದಪ್ಪ, ಅಂತರಗಳನ್ನು ಮಾತ್ರ ವೆಚ್ಚ ನೋಡಿ ಬದಲಾಯಿಸಬೇಡಿ, ಅದನ್ನು ಹೊದಿಕೆಯ ಭಾರ ನೋಡಿ ಎಂಜಿನಿಯರರೇ ಹೇಳಬೇಕು.

ಪ್ರಶ್ನೆ: ಮೂರು ಕಡೆ ದರ ಕೇಳಿದೆ. ಒಬ್ಬರು ಘನ ಅಡಿಗೆ, ಒಬ್ಬರು ರನ್ನಿಂಗ್ ಅಡಿಗೆ, ಇನ್ನೊಬ್ಬರು ತುಂಡಿಗೆ ಇಷ್ಟು ಎನ್ನುತ್ತಾರೆ. ಹೋಲಿಸುವುದು ಹೇಗೆ?

ಮೊದಲು ಎಲ್ಲವನ್ನೂ ಘನ ಅಡಿಗೆ ತನ್ನಿ. 4×2 ಇಂಚಿನ ಮರದ 18 ರನ್ನಿಂಗ್ ಅಡಿ ಒಂದು ಘನ ಅಡಿ, ಏಕೆಂದರೆ 144ನ್ನು 8ರಿಂದ ಭಾಗಿಸಿದರೆ 18. 3×2 ಆದರೆ 24 ಅಡಿ, 2×1 ಆದರೆ 72 ಅಡಿ. ರನ್ನಿಂಗ್ ಅಡಿಯ ದರವನ್ನು ಈ ಸಂಖ್ಯೆಯಿಂದ ಗುಣಿಸಿದರೆ ಘನ ಅಡಿಯ ದರ ಬರುತ್ತದೆ. ತೆಳು ಪಟ್ಟಿಗಳ ದರ ಹೆಚ್ಚೇ ಬರುತ್ತದೆ, ಗರಗಸ ಹೆಚ್ಚು ಸಲ ಓಡಿ ಹೆಚ್ಚು ಹೊಟ್ಟಾಗಿರುತ್ತದೆ. ಹಾಗೆಯೇ ಉದ್ದ, ಅಗಲ ಹೆಚ್ಚಾದಂತೆ ಘನ ಅಡಿಯ ದರವೇ ಏರುತ್ತದೆ. ಎರಡು ಅಡಿಯ ತುಂಡುಗಳೇ ಸಾಕಾದ ಕೆಲಸಕ್ಕೆ 12 ಅಡಿಯ ಹಲಗೆ ಕೊಳ್ಳುವುದು ವ್ಯರ್ಥ, ಗಿಡ್ಡ ಮರದ ರಾಶಿಯನ್ನು ಮೊದಲು ನೋಡಿ.

ಆಮೇಲೆ ಗುಣಮಟ್ಟ. ದರವನ್ನು ಇಳುವರಿಯಿಂದ ಭಾಗಿಸಿ. ಮೇಲ್ದರ್ಜೆಯ ಮರ 100, ಅದರಲ್ಲಿ ಶೇಕಡ 75 ಕೆಲಸಕ್ಕೆ ಬಂದರೆ ನಿಜವಾದ ದರ 133. ಎರಡನೇ ದರ್ಜೆ 80, ಶೇಕಡ 50 ಮಾತ್ರ ಬಂದರೆ 160. ಉದ್ದನೆಯ, ಕಣ್ಣಿಗೆ ಕಾಣುವ ಹಲಗೆ ಬೇಕಾದಾಗ ಅಗ್ಗದ್ದು ದುಬಾರಿಯಾಗುತ್ತದೆ. ಚಿಕ್ಕ ಚಿಕ್ಕ ತುಂಡುಗಳ ಕೆಲಸದಲ್ಲಿ ಎರಡನೇ ದರ್ಜೆಯಿಂದಲೂ ಶೇಕಡ 70 ತೆಗೆಯಬಹುದು, ಆಗ ಅದು 114ಕ್ಕೇ ಬಿತ್ತು. ಒಂದೇ ಮನೆಯ ಕೆಲಸಕ್ಕೂ ಎಲ್ಲ ಮರ ಒಂದೇ ದರ್ಜೆಯದಾಗಬೇಕಿಲ್ಲ.

ಮೂರೂ ಕಡೆ ಇದೇ ಪ್ರಶ್ನೆಗಳನ್ನು ಕೇಳಿ ಉತ್ತರ ಬರೆದುಕೊಳ್ಳಿ: ಅಳತೆ ಕೊಯ್ದದ್ದೋ ನಯ ಮಾಡಿದ್ದೋ, ಹಸಿಯೋ ಒಣಗಿದ್ದೋ, ಬಿಳಿ ಮರ ಎಷ್ಟರವರೆಗೆ ಇರಬಹುದು, ಕೊಯ್ಲು, ಹತ್ತರಿ, ಲೋಡಿಂಗ್, ಸಾಗಣೆ, ತೆರಿಗೆ ಸೇರಿದೆಯೋ ಇಲ್ಲವೋ, ಒಡೆದ ತುಂಡನ್ನು ವಾಪಸು ತೆಗೆದುಕೊಳ್ಳುತ್ತಾರೋ. ಮರ ಇಳಿಸುವಾಗ ಪ್ರತಿ ತುಂಡಿನ ದಪ್ಪವನ್ನು ಅತಿ ತೆಳುವಾದ ಕಡೆ, ಅಗಲವನ್ನು ಕಿರಿದಾದ ಕಡೆ, ಉದ್ದವನ್ನು ತುದಿಯ ಸೀಳು ಬಿಟ್ಟು ಅಳೆಯಿರಿ. ಒಂದು ಮೂಲೆಯಲ್ಲಿ ತೊಗಟೆಯ ದುಂಡು ಉಳಿದಿದ್ದರೆ ಆ ಮೈಯ ಚಪ್ಪಟೆ ಭಾಗವನ್ನು ಮಾತ್ರ ಅಗಲವೆಂದು ಹಿಡಿಯಿರಿ. ಅಳೆದ ತುಂಡಿನ ತುದಿಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು, ಅದೇ ಸಂಖ್ಯೆಯಲ್ಲಿ ಪಟ್ಟಿ ಮಾಡಿ, ಗಾಡಿ ಹೊರಡುವ ಮುನ್ನ ಅವರ ಪಟ್ಟಿಗೆ ತಾಳೆ ನೋಡಿ. ವ್ಯತ್ಯಾಸ ಬಂದ ತುಂಡನ್ನು ಇಬ್ಬರೂ ಸೇರಿ ಅಲ್ಲೇ ಮತ್ತೊಮ್ಮೆ ಅಳೆಯಿರಿ, ಒಪ್ಪಿಗೆಯಾದ ಅಳತೆಯನ್ನು ಬಿಲ್ಲಿನಲ್ಲಿ ತಿದ್ದಿಸಿದ ಮೇಲೆ ಹಣ ಕೊಡಿ.